ಅನತೋಲಿಯದ ‘ಯಾರೋ’
(ಪ್ರಾಚೀನ ಭಾಷೆಗಳ ಅನಿಶ್ಚಯಾರ್ಥಕ ಸರ್ವನಾಮಗಳನ್ನು ಕುರಿತು)

ನಾನು ಈ ಶಾಲೆಯ ಎಂಟನೆಯ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ಗಂಟೆ ಬಾರಿಸುವ ಕೋಲು ಕಾಣೆಯಾಯಿತು. ಕನ್ನಡ ಪಂಡಿತರು ತರಗತಿಗೆ ಬಂದು ವಿಚಾರಿಸಿದಾಗ ನಾವೆಲ್ಲರೂ ಒಕ್ಕೊರಲಿನಿಂದ “ಯಾರೋ ತೆಗೆದಿದ್ದಾರೆ ಮಾಷ್ಟ್ರೇ” ಎಂದೆವು. ಅವರು ಕೋಲಿನ ಮಾತನ್ನು ಅಲ್ಲಿಗೇ ಬಿಟ್ಟು, “ಹಾಗಾದರೆ ‘ಯಾರೋ’ ಎಂಬುದು ಯಾವ ಸರ್ವನಾಮ?” ಎಂದು ಕೇಳಿದರು. ನಮ್ಮ ವ್ಯಾಕರಣ ಪುಸ್ತಕದಲ್ಲಿದ್ದುದು ಪುರುಷಾರ್ಥಕ, ಆತ್ಮಾರ್ಥಕ, ಪ್ರಶ್ನಾರ್ಥಕ ಎಂಬ ಮೂರೇ ಬಗೆ. ‘ಯಾರು’ ಪ್ರಶ್ನಾರ್ಥಕವೆಂಬುದು ಎಲ್ಲರಿಗೂ ಗೊತ್ತು. ಆದರೆ ‘ಯಾರೋ’ ಎನ್ನುವವನು ಪ್ರಶ್ನೆ ಕೇಳುತ್ತಿಲ್ಲ, ಉತ್ತರವನ್ನೂ ಹೇಳುತ್ತಿಲ್ಲ. ಅಂಥ ಪದವನ್ನು ಅನಿಶ್ಚಯಾರ್ಥಕ ಸರ್ವನಾಮವೆಂದು ಕರೆಯುತ್ತಾರೆಂದು ತಿಳಿದದ್ದು ಬಹಳ ವರ್ಷಗಳ ಬಳಿಕ, ಭಾಷಾಶಾಸ್ತ್ರದ ಪುಸ್ತಕಗಳ ಸಹವಾಸವಾದ ಮೇಲೆ. ಆ ಪುಸ್ತಕಗಳಲ್ಲಿ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ನಮ್ಮ ದೇಶದ ಭಾಷೆಗಳಲ್ಲ, ಇಂದಿನ ತುರ್ಕಿ ದೇಶದ ಏಷ್ಯಾ ಭಾಗದಲ್ಲಿ, ಎಂದರೆ ಅನತೋಲಿಯದಲ್ಲಿ, ಸಾವಿರಾರು ವರ್ಷಗಳ ಹಿಂದೆ ಮಾತಾಗಿ ಆಮೇಲೆ ಅಳಿದುಹೋದ ಕೆಲವು ಭಾಷೆಗಳು.

ಅವುಗಳಲ್ಲಿ ಹಿರಿಯದು ಹಿಟ್ಟೈಟ್. ಕ್ರಿ. ಪೂ. 1650ರಿಂದ ಸುಮಾರು 1180ರ ವರೆಗೆ ಬಾಳಿದ ಹಿಟ್ಟೈಟ್ ರಾಜ್ಯದ ರಾಜಧಾನಿ ಹತ್ತುಷ. ಹಿಂದೆ ಬೊಗಜ್‌ಕೊಯ್ ಎಂದು ಕರೆಯುತ್ತಿದ್ದ ಊರಿನ ಬಳಿ ಅದರ ಅವಶೇಷಗಳಿವೆ. ಅಲ್ಲಿ 1906ರಲ್ಲಿ ಹ್ಯೂಗೋ ವಿಂಕ್ಲರ್ ಮತ್ತು ಥಿಯೊಡೋರ್ ಮಕ್ರಿದಿ ಅಗೆತವನ್ನು ಆರಂಭಿಸಿದಾಗ ಬೆಣೆಲಿಪಿಯ ಮಣ್ಣಿನ ಫಲಕಗಳು ರಾಶಿರಾಶಿಯಾಗಿ ದೊರೆತವು. ಬೊಗಜ್‌ಕೊಯ್ ಎಂದೊಡನೆ ನಮ್ಮವರು ಸಾಮಾನ್ಯವಾಗಿ ನೆನೆಯುವುದು ಇಂದ್ರ, ವರುಣ, ಮಿತ್ರ, ನಾಸತ್ಯರ ಹೆಸರುಗಳಿರುವ ಮಿತನ್ನಿಯ ಒಡಂಬಡಿಕೆಯನ್ನು. ಅದು ದೊಡ್ಡ ಸಂಗತಿಯೇ ಸರಿ. ಇಲ್ಲಿ ನಾನು ಹೇಳಹೊರಟಿರುವುದು ದೇವತೆಗಳ ವಿಚಾರವಲ್ಲ, ಎರಡು ಅಕ್ಷರದ ಪದಗಳ ವಿಚಾರ.

ಫಲಕಗಳ ಲಿಪಿ ಗೊತ್ತಿತ್ತು, ಭಾಷೆ ಗೊತ್ತಿರಲಿಲ್ಲ. ಓದಬಹುದು, ಆದರೆ ಅರ್ಥವಾಗದು. ಇದೇ ಭಾಷೆಯ ಎರಡು ಪತ್ರಗಳು ಈಜಿಪ್ಟಿನ ಅಮರ್ನದಲ್ಲಿ ಮೊದಲೇ ದೊರೆತಿದ್ದವು. ಅವುಗಳನ್ನು ನೋಡಿ ನಾರ್ವೆಯ ಕ್ನುಡ್ಟ್‌ಜೋನ್ 1902ರಲ್ಲಿಯೇ ಇದು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಮನೆತನದ ಭಾಷೆಯೆಂದು ಹೇಳಿದ್ದರು. ಅಲ್ಲಿದ್ದ ‘ಎಸ್ತು’ ಎಂಬ ಪದ ನಮ್ಮ ‘ತಥಾಸ್ತು’ವಿನ ‘ಅಸ್ತು’ವೇ. ಆದರೆ ಹೆಚ್ಚಿನವರು ಒಪ್ಪಲಿಲ್ಲ. 1915ರಲ್ಲಿ ಚೆಕ್ ವಿದ್ವಾಂಸ ಬೆದ್ರಿಖ್ ಹ್ರೋಜ್ನಿ ಅದನ್ನು ಸಾಧಿಸಿ ತೋರಿಸಿದರು. ರೊಟ್ಟಿಯ ಸಂಕೇತದ ಪಕ್ಕದಲ್ಲಿ ‘ತಿನ್ನು’ ಎಂಬರ್ಥದ ಪದ, ಅದರ ಮುಂದೆ ‘ವಾತರ್’, ಎಂದರೆ ನೀರು (ನಮ್ಮ ‘ಉದಕ’ದ ದಾಯಾದಿ), ಹೀಗೆ ಅವರು ದಾರಿ ಹಿಡಿದ ಕಥೆ ಪ್ರಸಿದ್ಧವಾಗಿದೆ. ನೀರಿನಷ್ಟು ಪ್ರಸಿದ್ಧವಾಗದಿದ್ದರೂ ಅಷ್ಟೇ ಬಲವಾದ ಸಾಕ್ಷಿಯನ್ನು ನುಡಿದವು ‘ಕ್ವಿಸ್’, ‘ಕ್ವಿತ್’ ಎಂಬ ಸರ್ವನಾಮಗಳು: ‘ಯಾರು’, ‘ಏನು’. ಲ್ಯಾಟಿನ್ನಿನಲ್ಲಿ ಇವೇ ‘ಕ್ವಿಸ್’, ‘ಕ್ವಿದ್’. ನೀರು, ರೊಟ್ಟಿಗಳ ಹೆಸರನ್ನು ಒಂದು ಭಾಷೆ ನೆರೆಯವರಿಂದ ಸಾಲ ತಂದುಕೊಳ್ಳಬಹುದು. ‘ಯಾರು’ ಎಂಬ ಪದವನ್ನು ಸಾಲ ತರುವುದು ಬಹಳ ಅಪರೂಪ.

ಈ ‘ಕ್ವಿಸ್’ಗೆ ‘ಕಿ’ ಎಂಬ ಬಾಲವನ್ನು ಸೇರಿಸಿದರೆ ‘ಕ್ವಿಸ್ಕಿ’, ಎಂದರೆ ‘ಯಾರೋ’. ‘ಕ್ವಿತ್ಕಿ’ ಎಂದರೆ ‘ಏನೋ’. ವಿಭಕ್ತಿ ಬದಲಾದಾಗ ಬದಲಾಗುವುದು ಮುಂದಿನ ಭಾಗ. ಬಾಲ ಕೊನೆಯಲ್ಲಿಯೇ ಉಳಿಯುತ್ತದೆ: ‘ಕ್ವಿನ್ಕಿ’ (ಯಾರನ್ನೋ), ‘ಕ್ವೇಲ್ಕ’ (ಯಾರದೋ), ‘ಕ್ವೇದನಿಕ್ಕಿ’ (ಯಾರಿಗೋ). ಆವರಣದಲ್ಲಿ ಕೊಟ್ಟ ಕನ್ನಡ ರೂಪಗಳನ್ನು ನೋಡಿದರೆ ನಮ್ಮ ‘ಓ’ಕಾರವೂ ಅದನ್ನೇ ಮಾಡುತ್ತದೆಂಬುದು ಕಾಣುತ್ತದೆ. ‘ಕಿ’ ಎಲ್ಲಿಂದ ಬಂತೆಂಬುದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ.

ಆದರೆ ಒಂದು ವಿಷಯದಲ್ಲಿ ಕನ್ನಡವು ಹಿಟ್ಟೈಟ್‌ಗಿಂತ ಹೆಚ್ಚು ಸೂಕ್ಷ್ಮ. ‘ಯಾರೋ ಬಂದರು’, ‘ಯಾರಾದರೂ ಬಂದರೆ’, ‘ಯಾರೂ ಬರಲಿಲ್ಲ’ ಎಂಬ ಮೂರು ಕಡೆ ನಾವು ಮೂರು ರೂಪಗಳನ್ನು ಬಳಸುತ್ತೇವೆ. ಒಂದನ್ನು ಇನ್ನೊಂದರ ಸ್ಥಾನದಲ್ಲಿಟ್ಟರೆ ಚಿಕ್ಕ ಮಗುವೂ ನಗುತ್ತದೆ. ಹಿಟ್ಟೈಟ್ ಭಾಷೆಯಲ್ಲಿ ಮೂರಕ್ಕೂ ‘ಕ್ವಿಸ್ಕಿ’ ಒಂದೇ. ಜೊತೆಯಲ್ಲಿ ‘ನತ್ತ’ (ಇಲ್ಲ) ಇದ್ದರೆ ‘ಯಾರೂ ಇಲ್ಲ’. ‘ತಕ್ಕು’ ಅಥವಾ ‘ಮಾನ್’ (ಒಂದು ವೇಳೆ) ಇದ್ದರೆ ‘ಯಾರಾದರೂ’. ಎರಡೂ ಇಲ್ಲದಿದ್ದರೆ ‘ಯಾರೋ’. ಹಾಗಾಗಿ ಹಿಟ್ಟೈಟ್ ಬರಹವನ್ನು ಕನ್ನಡಕ್ಕೆ ತರುವವನು ಪ್ರತಿ ‘ಕ್ವಿಸ್ಕಿ’ಯ ಎದುರಿಗೂ ಒಂದು ಕ್ಷಣ ನಿಲ್ಲಲೇಬೇಕು. ಇನ್ನೊಂದು ಮಾತು: ಆಡುವವನಿಗೆ ಆ ವ್ಯಕ್ತಿ ಯಾರೆಂದು ನಿಜವಾಗಿ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳುತ್ತಿಲ್ಲವೋ ಎಂಬುದನ್ನು ‘ಕ್ವಿಸ್ಕಿ’ ತಿಳಿಸುವುದಿಲ್ಲ. ನಮ್ಮ ‘ಯಾರೋ’ ಮೇಲ್ನೋಟಕ್ಕೆ ತಿಳಿಯದವನನ್ನು ಮಾತ್ರ ಸೂಚಿಸುತ್ತದೆ. ಆದರೆ ಅಂದು ಗಂಟೆಯ ಕೋಲನ್ನು ತೆಗೆದವನ ಹೆಸರು ಮೂರು ಬೆಂಚಿನವರಿಗೂ ಗೊತ್ತಿತ್ತೆಂಬುದನ್ನು ಇಷ್ಟು ಕಾಲದ ಮೇಲೆ ಒಪ್ಪಿಕೊಳ್ಳಲು ಅಡ್ಡಿಯಿಲ್ಲ.

‘ಕ್ವಿಸ್ಕಿ’ ತನ್ನ ಪೂರ್ಣ ಭಾರವನ್ನು ಹೊರುವುದು ಹಿಟ್ಟೈಟ್ ಕಾನೂನುಗಳಲ್ಲಿ. ಎರಡು ಫಲಕಗಳಲ್ಲಿ ಸುಮಾರು 200 ಕಲಮುಗಳು ನಮಗೆ ಉಳಿದಿವೆ. ಹೆಚ್ಚಿನವು ‘ತಕ್ಕು’ ಎಂದು ಆರಂಭವಾಗುತ್ತವೆ. ಮೊದಲನೆಯ ಕಲಮಿನಲ್ಲಿ ಕೊಲೆಯಾದ ಗಂಡಸು ಅಥವಾ ಹೆಂಗಸು ಮೊದಲು ಬರುತ್ತಾರೆ, ಆಮೇಲೆ ಜಗಳ, ಆಮೇಲೆ ‘ಕ್ವಿಸ್ಕಿ’, ಕೊನೆಗೆ ‘ಕೊಲ್ಲುತ್ತಾನೆ’ ಎಂಬ ಕ್ರಿಯಾಪದ. ಕನ್ನಡದಲ್ಲಿ ‘ಗಂಡಸನ್ನಾಗಲಿ ಹೆಂಗಸನ್ನಾಗಲಿ ಜಗಳದಲ್ಲಿ ಯಾರಾದರೂ ಕೊಂದರೆ’ ಎನ್ನುವಾಗಲೂ ಪದಗಳು ಇದೇ ಸಾಲಿನಲ್ಲಿ ನಿಲ್ಲುತ್ತವೆ. ಕೊಂದವನು ಶವಸಂಸ್ಕಾರಕ್ಕೆ ವ್ಯವಸ್ಥೆ ಮಾಡಿ, ನಾಲ್ಕು ಆಳುಗಳನ್ನು ಕೊಡಬೇಕು. ಹತ್ತನೆಯ ಕಲಮು ಇನ್ನೂ ಸ್ವಾರಸ್ಯಕರ. ಯಾರಾದರೂ ಒಬ್ಬನನ್ನು ಗಾಯಗೊಳಿಸಿ ಮಲಗುವಂತೆ ಮಾಡಿದರೆ ಅವನ ಶುಶ್ರೂಷೆಯನ್ನು ತಾನೇ ನೋಡಿಕೊಳ್ಳಬೇಕು. ಅವನು ಗುಣವಾಗುವ ತನಕ ಅವನ ಮನೆಯ ದುಡಿಮೆಗೆ ಬದಲಿ ಆಳನ್ನು ಕೊಡಬೇಕು. ಗುಣವಾದ ಮೇಲೆ 6 ಶೆಕೆಲ್ ಬೆಳ್ಳಿಯನ್ನೂ ವೈದ್ಯನ ಸಂಭಾವನೆಯನ್ನೂ ತೆರಬೇಕು. ಬೇಸಾಯದ ಮನೆಯಲ್ಲಿ ಒಬ್ಬ ಹಾಸಿಗೆ ಹಿಡಿದರೆ ಏನಾಗುವುದೆಂಬುದನ್ನು ಬಲ್ಲವರೇ ಇದನ್ನು ಬರೆದಿರಬೇಕು.

ಇಲ್ಲಿ ತಪ್ಪು ಮಾಡಿದವನ ಅಂತಸ್ತು, ಹುದ್ದೆ, ಊರು ಯಾವುದೂ ಇಲ್ಲ. ‘ಕ್ವಿಸ್ಕಿ’ ಎಂದಷ್ಟೇ ಇದೆ. ಬಾಬಿಲೋನಿನ ಹಮ್ಮುರಬಿಯ ಶಾಸನದಲ್ಲಿ ಕಲಮುಗಳು ಬಹುಮಟ್ಟಿಗೆ ‘ಒಬ್ಬ ಸ್ವತಂತ್ರ ಮನುಷ್ಯನು’ ಎಂಬರ್ಥದ ಪದದಿಂದ ತೊಡಗುತ್ತವೆ. ಇದನ್ನು ನೋಡಿ ಹಿಟ್ಟೈಟರು ಎಲ್ಲರನ್ನೂ ಸಮಾನವಾಗಿ ಕಂಡರೆಂದು ಹಿಗ್ಗುವಂತಿಲ್ಲ. ಮನೆಗೆ ಕನ್ನ ಹಾಕಿದವನು ಸ್ವತಂತ್ರನಾದರೆ ಒಂದು ಕಲಮು, ದಾಸನಾದರೆ ಇನ್ನೊಂದು ಕಲಮು, ಬೇರೆ ಶಿಕ್ಷೆ. ಪದ ವಿಶಾಲವಾಗಿತ್ತು, ಸಮಾಜ ಅಷ್ಟು ವಿಶಾಲವಾಗಿರಲಿಲ್ಲ.

ಈಗ ಇನ್ನೊಂದು ಬಾಲವನ್ನು ನೋಡೋಣ. ಹಿಟ್ಟೈಟ್‌ನಲ್ಲಿ ‘ಕೂಡ’, ‘ಮತ್ತು’ ಎಂಬರ್ಥದ ಒಂದು ‘ಅ’ ಪ್ರತ್ಯಯವಿದೆ. ಅದು ತನ್ನ ಹಿಂದಿನ ವ್ಯಂಜನವನ್ನು ದ್ವಿತ್ವಗೊಳಿಸುತ್ತದೆ. ‘ಕ್ವಿಸ್’ಗೆ ಇದನ್ನು ಸೇರಿಸಿದರೆ ‘ಕ್ವಿಸ್ಸ’, ಅರ್ಥ ‘ಪ್ರತಿಯೊಬ್ಬನೂ’. ‘ಆದರೆ’ ಎಂಬರ್ಥದ ಇನ್ನೊಂದು ‘ಅ’ವೂ ಉಂಟು, ಅದು ದ್ವಿತ್ವ ಮಾಡುವುದಿಲ್ಲ. ಹೀಗಾಗಿ ಒಂದು ಸಕಾರ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ‘ಆದರೆ ಯಾರು’ ಎಂಬುದೂ ‘ಪ್ರತಿಯೊಬ್ಬನೂ’ ಎಂಬುದೂ ಬೇರೆಯಾಗುತ್ತವೆ. ಒತ್ತಕ್ಷರದ ತಪ್ಪಿಗೆ ಬೆಂಚಿನ ಮೇಲೆ ನಿಂತವರಿಗೆ ಇದು ಹೊಸತೆನಿಸಲಾರದು. ಲ್ಯಾಟಿನ್ ಕೂಡ ‘ಮತ್ತು’ ಎಂಬರ್ಥದ ‘ಕ್ವೆ’ ಸೇರಿಸಿ ‘ಕ್ವಿಸ್ಕ್ವೆ’, ಎಂದರೆ ‘ಪ್ರತಿಯೊಬ್ಬ’, ಎಂದು ಮಾಡಿಕೊಂಡಿದೆ.

ಆದರೆ ಅನತೋಲಿಯದಲ್ಲಿಯೇ, ಹಿಟ್ಟೈಟ್‌ನ ಸೋದರಿಯಾದ ಲುವಿಯನ್ ಭಾಷೆಯಲ್ಲಿ, ‘ಕೂಡ’ ಎಂಬರ್ಥದ ‘ಹ’ವನ್ನು ‘ಯಾರು’ ಪದಕ್ಕೆ ಸೇರಿಸಿದ ‘ಕ್ವಿಸ್‌ಹ’ಕ್ಕೆ ‘ಯಾರೋ, ಯಾರಾದರೂ’ ಎಂಬ ಅರ್ಥ! ಸಾಮಗ್ರಿ ಒಂದೇ, ಅಡುಗೆ ಬೇರೆ. ಕನ್ನಡದ ‘ಯಾರೂ’ ಎಂಬುದರಲ್ಲಿರುವ ‘ಊ’ಕಾರವೂ ‘ಕೂಡ’ ಎಂಬ ಅರ್ಥದ್ದೇ. ನಮ್ಮ ನೆರೆಯ ತುಳುವಿನ ‘ಏರ್ಲಾ’, ಮಲಯಾಳದ ‘ಆರುಂ’ ಹೀಗೆಯೇ ಆಗಿವೆ. ಆದರೆ ಇಲ್ಲೆಲ್ಲ ಅರ್ಥ ಹೆಚ್ಚಾಗಿ ‘ಇಲ್ಲ’ದ ಕಡೆಗೆ ವಾಲಿದೆ. ಇದನ್ನು ಓದಿ ಹಿಟ್ಟೈಟರು ಕನ್ನಡಿಗರ ನೆಂಟರೆಂದು ಯಾರೂ ತಿಳಿಯಬಾರದು. ದ್ರಾವಿಡ ಭಾಷೆಗಳಿಗೂ ಅನತೋಲಿಯದ ಈ ಭಾಷೆಗಳಿಗೂ ಹುಟ್ಟಿನ ಸಂಬಂಧವಿಲ್ಲ. ಪ್ರಶ್ನೆಯ ಪದಕ್ಕೆ ಬಾಲ ಕಟ್ಟಿ ಅನಿಶ್ಚಯದ ಪದವನ್ನು ಮಾಡಿಕೊಳ್ಳುವುದು ಲೋಕದ ಅನೇಕ ಭಾಷೆಗಳು ತಾವಾಗಿಯೇ ಕಂಡುಕೊಂಡ ಉಪಾಯ.

ನಿಜವಾದ ನೆಂಟಸ್ತಿಕೆ ಇರುವುದು ಸಂಸ್ಕೃತದೊಡನೆ. ಅದರ ಮೂಲಕ ಒಂದು ಚೂರು ನಮ್ಮ ನಾಲಿಗೆಗೂ ಬಂದಿದೆ. ಸಂಸ್ಕೃತದ ‘ಕಶ್ಚಿತ್’ (ಯಾರೋ ಒಬ್ಬ), ‘ಕಿಂಚಿತ್’ (ಏನೋ ಸ್ವಲ್ಪ) ಮೊದಲಾದವುಗಳ ಕೊನೆಯ ‘ಚಿತ್’ ಹಿಟ್ಟೈಟ್‌ನ ‘ಕ್ವಿತ್’, ಲ್ಯಾಟಿನ್ನಿನ ‘ಕ್ವಿದ್’ ಎಂಬುವುಗಳ ಒಡಹುಟ್ಟು. ಮೂಲದ ‘ಕ್ವ’ ಧ್ವನಿ ಇಕಾರದ ಮುಂದೆ ಸಂಸ್ಕೃತದಲ್ಲಿ ಚಕಾರವಾಯಿತು. “ಕಿಂಚಿತ್ತಾದರೂ ನಾಚಿಕೆ ಬೇಡವೇ?” ಎಂದು ನಮ್ಮ ಅಜ್ಜಿಯಂದಿರು ಗದರಿಸಿದಾಗ ಹತ್ತುಷದ ಲಿಪಿಕಾರರ ‘ಕ್ವಿತ್’ನ ಬಂಧುವೊಂದು ಅಡುಗೆಮನೆಯಲ್ಲಿ ಓಡಾಡುತ್ತಿತ್ತು. ‘ಕದಾಚಿತ್’, ‘ಕ್ವಚಿತ್’, ‘ಯತ್ಕಿಂಚಿತ್’ ಎಲ್ಲವೂ ಇದೇ ಮನೆಯವು.

‘ಯಾರೇ ಆಗಲಿ’ ಎಂದು ಒತ್ತಿ ಹೇಳಬೇಕಾದಾಗ ಹಿಟ್ಟೈಟರು ‘ಕ್ವಿಸ್ ಕ್ವಿಸ್’ ಎಂದು ದ್ವಿರುಕ್ತಿ ಮಾಡುತ್ತಿದ್ದರು, ಅಥವಾ ನಡುವೆ ‘ಇಮ್ಮ’ (ನಿಜಕ್ಕೂ) ಎಂಬುದನ್ನಿಟ್ಟು ‘ಕ್ವಿಸ್ ಇಮ್ಮ ಕ್ವಿಸ್’ ಎನ್ನುತ್ತಿದ್ದರು. ಬಾಲವೂ ದ್ವಿರುಕ್ತಿಯೂ ಇಲ್ಲದೆ ಕೇವಲ ಸ್ಥಾನದಿಂದ ಅರ್ಥ ಬದಲಾಗುವ ಸಂದರ್ಭವೂ ಇದೆ. ‘ಯಾರು ಮೊದಲು ಬರುವರೋ ಅವರಿಗೆ ಮುಂದಿನ ಬೆಂಚು’ ಎಂಬ ಮಾದರಿಯ ವಾಕ್ಯಗಳಲ್ಲಿ ‘ಕ್ವಿಸ್’ ವಾಕ್ಯದ ತಲೆಯಲ್ಲಿದ್ದರೆ ‘ಯಾರೇ ಆಗಲಿ’ ಎಂದೂ, ಒಳಗೆ ಸರಿದಿದ್ದರೆ ಗೊತ್ತಿರುವ ನಿರ್ದಿಷ್ಟ ವ್ಯಕ್ತಿಯೆಂದೂ ಅರ್ಥವೆಂದು ಅಮೆರಿಕದ ವಾರೆನ್ ಹೆಲ್ಡ್ 1957ರಲ್ಲಿ ತೋರಿಸಿದರು. ಇದಕ್ಕೆ ಅಪವಾದಗಳನ್ನು ಅನಂತರದವರು ಎತ್ತಿ ತೋರಿಸಿದ್ದಾರೆ. ಆದರೂ ಫಲಕ ಓದುವವರಿಗೆ ಅದು ಇಂದಿಗೂ ಉಪಯುಕ್ತ ಸೂತ್ರ.

ಹಿಟ್ಟೈಟ್ ರಾಜ್ಯ ಅಳಿದ ಮೇಲೂ ಲುವಿಯನ್ ಭಾಷೆ ಚಿತ್ರಲಿಪಿಯಲ್ಲಿ ಕಲ್ಲಿನ ಮೇಲೆ ಬದುಕಿತು. ದಕ್ಷಿಣ ತುರ್ಕಿಯ ಕರಾತೆಪೆ ಎಂಬ ಕಾಡುಗುಡ್ಡದ ಮೇಲೆ ಕ್ರಿ. ಪೂ. 8ನೆಯ ಶತಮಾನದ ಒಂದು ಕೋಟೆಯನ್ನು 1946ರಲ್ಲಿ ಹೆಲ್ಮುತ್ ಬೊಸ್ಸರ್ಟ್ ಮತ್ತು ಹಾಲೆತ್ ಚಂಬೆಲ್ ಕಂಡುಹಿಡಿದರು. (ಚಂಬೆಲ್ 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಕತ್ತಿವರಸೆಯಲ್ಲಿ ಸ್ಪರ್ಧಿಸಿದ್ದ ಮಹಿಳೆ, ಮುಂದೆ ಹಲವು ದಶಕಗಳನ್ನು ಆ ಗುಡ್ಡಕ್ಕಾಗಿಯೇ ಸವೆಸಿದರು.) ಕೋಟೆಯ ಬಾಗಿಲುಗಳ ಕಲ್ಲುಗಳಲ್ಲಿ ಲುವಿಯನ್ ಮತ್ತು ಫಿನೀಷಿಯನ್ ಭಾಷೆಗಳಲ್ಲಿ ಒಂದೇ ಶಾಸನವಿದೆ. ಗೊತ್ತಿದ್ದ ಫಿನೀಷಿಯನ್ನಿನಿಂದ ಲುವಿಯನ್ ಚಿತ್ರಲಿಪಿಯ ಓದು ಗಟ್ಟಿಯಾಯಿತು.

ಅಜತಿವಾದ ಎಂಬ ಅಧಿಪತಿ ಅದರಲ್ಲಿ ತಾನು ಕಟ್ಟಿದ ಕೋಟೆ, ತುಂಬಿದ ಕಣಜ, ತಂದ ನೆಮ್ಮದಿಗಳನ್ನೆಲ್ಲ ಹೇಳಿಕೊಂಡು, ಕೊನೆಗೆ ಭಯಕ್ಕೆ ಬರುತ್ತಾನೆ. ರಾಜರಲ್ಲಿ ಯಾರಾದರೂ, ಅಥವಾ ಹೆಸರುಳ್ಳ ಮನುಷ್ಯನೊಬ್ಬನು, ಈ ಬಾಗಿಲುಗಳಿಂದ ತನ್ನ ಹೆಸರನ್ನು ಅಳಿಸಿ ಅವನ ಹೆಸರನ್ನು ಕೆತ್ತಿಸಿದರೆ, ಆಸೆಯಿಂದಲಾದರೂ ಸರಿ ಕೇಡುಬುದ್ಧಿಯಿಂದಲಾದರೂ ಸರಿ, ದೇವತೆಗಳು ಅವನ ರಾಜ್ಯವನ್ನೂ ಅವನನ್ನೂ ಅಳಿಸಲಿ ಎಂಬುದು ಅದರ ತಾತ್ಪರ್ಯ. ಅಲ್ಲಿ ‘ಯಾರಾದರೂ’ ಎಂಬುದಕ್ಕಿರುವ ಪದ ‘ಕ್ವಿಸ್‌ಹ’. ಕಲ್ಲು ಕಂಡರಿಸುವಾಗ ಹುಟ್ಟಿಯೇ ಇರದ, ಹೆಸರಿಲ್ಲದ ಶತ್ರುವನ್ನು ಹಿಡಿದು ನಿಲ್ಲಿಸಲು ಅವನ ಬಳಿ ಇದ್ದದ್ದು ಆ ಒಂದು ಸರ್ವನಾಮ. ನಮ್ಮ ಕನ್ನಡ ಶಾಸನಗಳ ಕೊನೆಯಲ್ಲಿಯೂ ದತ್ತಿಯನ್ನು ಕೆಡಿಸಿದವನಿಗೆ ಶಾಪವಿರುವುದನ್ನು ಓದುಗರು ಬಲ್ಲರು. ಆದರೆ ಅಲ್ಲಿ ಕನ್ನಡಕ್ಕೆ ಸರ್ವನಾಮದ ಹಂಗಿಲ್ಲ; ‘ಅಳಿದವನು’ ಎಂಬ ಕೃದಂತವೊಂದೇ ಸಾಕು, ಅದರಲ್ಲಿ ಎಂದೋ ಬರಲಿರುವ ಎಲ್ಲ ‘ಯಾರೋ’ಗಳೂ ಅಡಗಿರುತ್ತಾರೆ.

ಇನ್ನು ಲಿಸಿಯನ್, ಲಿಡಿಯನ್ ಭಾಷೆಗಳ ವಿಚಾರ. ಇವು ಪಶ್ಚಿಮ ಅನತೋಲಿಯದವು, ಅಕ್ಷರಮಾಲೆಯಲ್ಲಿ ಬರೆದವು. ಲಿಸಿಯನ್‌ನಲ್ಲಿ ಮೂಲದ ‘ಕ್ವ’ ಇಕಾರದ ಮುಂದೆ ತಕಾರವಾಗಿ, ‘ಯಾರು’ ಎಂಬುದು ‘ತಿ’ ಆಯಿತು. ‘ಯಾರೋ, ಯಾವುದೋ’ ಎಂಬುದು ‘ತಿಕೆ’. ಗ್ರೀಕಿನ ‘ತಿಸ್’ ಇಂಥದೇ ದಾರಿಯಲ್ಲಿ ಬಂದದ್ದು. ಬಂಡೆಯನ್ನು ಮನೆಯಂತೆ ಕೊರೆದ ಲಿಸಿಯದ ಸಮಾಧಿಗಳ ಮೇಲೆ, ಇದಕ್ಕೆ ಯಾವುದೇ ಕೇಡು ಮಾಡುವವನನ್ನು ದೇವತೆಗಳು ದಂಡಿಸಲಿ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತದೆ. ಕೇಡು ಮಾಡುವವನಿಗೆ ‘ತಿ’, ‘ಯಾವುದೇ’ ಎಂಬುದಕ್ಕೆ ‘ತಿಕೆ’.

ಲಿಡಿಯದ ರಾಜಧಾನಿ ಸಾರ್ಡಿಸ್‌ನಲ್ಲಿ 1912ರಲ್ಲಿ ದೊರೆತ ಒಂದು ಸಮಾಧಿಶಾಸನ ಲಿಡಿಯನ್ ಮತ್ತು ಅರಮೇಯಿಕ್ ಎರಡರಲ್ಲಿಯೂ ಇದೆ. ಮಾನೆ ಎಂಬವನ ಸಮಾಧಿ ಅದು. ಅದನ್ನು ಯಾವನಾದರೂ ಕೆಡಿಸಿದರೆ ಎಫೆಸಸ್‌ನ ಆರ್ಟೆಮಿಸ್ ದೇವಿಯೂ ಕೊಲೊಯೆಯ ಆರ್ಟೆಮಿಸ್ ದೇವಿಯೂ ಅವನ ಅಂಗಳ, ಮನೆ, ಮಣ್ಣು, ನೀರು ಎಲ್ಲವನ್ನೂ ಚೆದುರಿಸಲಿ ಎಂದು ಶಪಿಸಲಾಗಿದೆ. ಆ ‘ಯಾವನಾದರೂ’ ಲಿಡಿಯನ್‌ನಲ್ಲಿ ‘ನಾಂಕ್ವಿಸ್’. ಇಲ್ಲಿ ಹೊಸ ತುಂಡು ಬಾಲದಲ್ಲಿಲ್ಲ, ತಲೆಯಲ್ಲಿದೆ. ಅದರ ಹಿಂದೆ ಹಳೆಯ ‘ಕ್ವಿಸ್’ ಹಾಗೆಯೇ ಕುಳಿತಿದೆ. ಅರಮೇಯಿಕ್ ಪಾಠದ ಆಸರೆಯಿಂದ ಎನ್ನೋ ಲಿಟ್‌ಮನ್ 1916ರಲ್ಲಿ ಲಿಡಿಯನ್ ಭಾಷೆಯ ಬೀಗವನ್ನು ಮೊದಲ ಬಾರಿಗೆ ತೆರೆದಾಗ, ಅವರ ಕೈಗೆ ಸಿಕ್ಕ ಪದಗಳಲ್ಲಿ ಬಹುಪಾಲು ಈ ಶಾಪದ ಸಾಲುಗಳಿಂದಲೇ ಬಂದವು.