ಖಂಡವನ್ನೇ ದಾಟಿದ ಕಪ್ಪೆ: ಕಣ್ಣೆದುರಿನ ವಿಕಾಸದ ನಾಗಾಲೋಟ

ಒಂದೇ ರಾತ್ರಿಯಲ್ಲಿ 1.8 ಕಿಲೋಮೀಟರ್! ಚಿರತೆಗೋ ನರಿಗೋ ಇದು ಲೆಕ್ಕಕ್ಕೇ ಬಾರದ ದೂರ. ಆದರೆ ಒರಟು ಚರ್ಮದ, ಕುಳ್ಳು ಕಾಲಿನ, ಕುಪ್ಪಳಿಸುವುದನ್ನಷ್ಟೇ ಬಲ್ಲ ನೆಲಗಪ್ಪೆಗೆ? ಆಸ್ಟ್ರೇಲಿಯಾದ ಡಾರ್ವಿನ್ ನಗರದ ಪೂರ್ವಕ್ಕಿರುವ ಫಾಗ್ ಡ್ಯಾಮ್ ಜೌಗುಪ್ರದೇಶದಲ್ಲಿ ರಿಕ್ ಶೈನ್ ಮತ್ತು ಸಂಗಡಿಗ ವಿಜ್ಞಾನಿಗಳು ಕಪ್ಪೆಗಳ ಸೊಂಟಕ್ಕೆ ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದಾಗ ದೊರೆತ ದಾಖಲೆಯಿದು. 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಅಧ್ಯಯನ ಇನ್ನೂ ದೊಡ್ಡ ಸೋಜಿಗವನ್ನು ಹೊರಗೆಡಹಿತು. ಆ ಪ್ರದೇಶಕ್ಕೆ ಮೊದಲು ಬಂದಿಳಿದ ಕಪ್ಪೆಗಳ ಕಾಲುಗಳು, ತಡವಾಗಿ ಬಂದವುಗಳ ಕಾಲುಗಳಿಗಿಂತ ಉದ್ದವಾಗಿದ್ದವು. ಪೂರ್ವದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಂದೋ ನೆಲೆನಿಂತ ಅವುಗಳ ಬಂಧುಗಳದ್ದು ಮತ್ತೂ ಗಿಡ್ಡ ಕಾಲು.

ಕೇನ್ ಟೋಡ್, ಅಂದರೆ ಕಬ್ಬಿನ ಕಪ್ಪೆ, ಮೂಲತಃ ದಕ್ಷಿಣ ಮತ್ತು ಮಧ್ಯ ಅಮೆರಿಕದ ನಿವಾಸಿ. ಪ್ರಕೃತಿ ಅದಕ್ಕಿತ್ತ ಸಿದ್ಧತೆ ಅಸಾಧಾರಣವಾದುದು. ಹೆಣ್ಣು ಒಮ್ಮೆಗೆ ಮಣಿಸರದಂಥ ಎಳೆಗಳಲ್ಲಿ ಸಾವಿರಾರು, ಕೆಲವೊಮ್ಮೆ 30 ಸಾವಿರದವರೆಗೂ ಮೊಟ್ಟೆಯಿಡುತ್ತದೆ. ಕಿವಿಯ ಹಿಂದೆ ಉಬ್ಬಿನಿಂತ ಗ್ರಂಥಿಗಳಿಂದ ಹಾಲಿನಂಥ ವಿಷ ಒಸರುತ್ತದೆ. ಬ್ಯುಫಾಡಿಯೆನೊಲೈಡ್ ಎಂಬ ಆ ರಾಸಾಯನಿಕಗಳು ಹೃದಯದ ಜೀವಕೋಶಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಸಾಗಣೆಗೆ ತಡೆಯೊಡ್ಡಿ ಬಡಿತವನ್ನೇ ಏರುಪೇರು ಮಾಡುತ್ತವೆ. ಮೊಟ್ಟೆಯಿಂದ ಮುದಿತನದವರೆಗೂ ಈ ಜೀವಿ ನಿರ್ವಿಷವಾಗಿರುವ ಘಟ್ಟವೇ ಇಲ್ಲ.

ಇಂಥದ್ದನ್ನು ಮನುಷ್ಯ ತಾನಾಗಿಯೇ ಕರೆತಂದ! ಕ್ವೀನ್ಸ್‌ಲ್ಯಾಂಡ್‌ನ ಕಬ್ಬಿನ ಗದ್ದೆಗಳಲ್ಲಿ ಬೆಳೆಯ ಬೇರುಗಳನ್ನು ದುಂಬಿಯ ಮರಿಹುಳುಗಳು ಕತ್ತರಿಸುತ್ತಿದ್ದವು. ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರ ನಿದ್ದೆಗೆಡಿಸುವ ಗೊಣ್ಣೆಹುಳುವಿನ ಬಳಗದವೇ ಇವು. ಈ ಕಪ್ಪೆ ಹುಳುಗಳನ್ನು ತಿಂದು ಮುಗಿಸುತ್ತದೆಂದು ಹೊಗಳಿದ ಪೋರ್ಟೊರಿಕೊದ ವರದಿಗಳನ್ನು ನಂಬಿ, 1935ರಲ್ಲಿ ಕೀಟಶಾಸ್ತ್ರಜ್ಞ ರೆಜಿನಾಲ್ಡ್ ಮಂಗೊಮೆರಿ ಹವಾಯಿಯಿಂದ ನೂರರಷ್ಟು ಕಪ್ಪೆಗಳನ್ನು ತಂದರು. ಅವುಗಳ ಸಂತತಿಯಲ್ಲಿ ಸುಮಾರು 2,400 ಮರಿಗಳು ಆ ಆಗಸ್ಟ್‌ನಲ್ಲೇ ಗಾರ್ಡನ್‌ವೇಲ್‌ನ ಸುತ್ತಮುತ್ತ ಬಿಡುಗಡೆಯಾದವು. ನಿವೃತ್ತ ಕೀಟಶಾಸ್ತ್ರಜ್ಞ ವಾಲ್ಟರ್ ಫ್ರಾಗಟ್, ಇದು ಮೊಲಗಳಂತೆಯೇ ಮಹಾಪಿಡುಗಾದೀತೆಂದು ಎಚ್ಚರಿಸಿದರು. ಬಿಡುಗಡೆಗೆ ತಾತ್ಕಾಲಿಕ ನಿಷೇಧ ಬಂತು, ಮರುವರ್ಷವೇ ತೆರವೂ ಆಯಿತು. ತಜ್ಞನೊಬ್ಬನ ವಿವೇಕಕ್ಕಿಂತ ಉದ್ಯಮದ ಅವಸರಕ್ಕೆ ಸರ್ಕಾರಗಳು ಬೇಗ ಕಿವಿಗೊಡುವುದು ಆ ದೇಶಕ್ಕಷ್ಟೇ ಸೀಮಿತವಲ್ಲ, ಬಿಡಿ. ಮರಿಹುಳು ಮಣ್ಣಿನೊಳಗೆ, ದುಂಬಿ ಗರಿಗಳ ತುದಿಯಲ್ಲಿ, ಕಪ್ಪೆ ಮಾತ್ರ ನೆಲದ ಮೇಲೆ. ದುಂಬಿಗಳ ಕಾಟ ತಗ್ಗಲಿಲ್ಲ, ಕಪ್ಪೆಗಳು ಪಶ್ಚಿಮಕ್ಕೆ ಹೊರಟವು.

ಆರಂಭದ ದಶಕಗಳಲ್ಲಿ ಆ ದಂಡಯಾತ್ರೆ ವರ್ಷಕ್ಕೆ ಸುಮಾರು 10 ಕಿಲೋಮೀಟರ್ ಸಾಗುತ್ತಿತ್ತು. ಇತ್ತೀಚಿನ ದಶಕಗಳಲ್ಲಿ ಅದು 50 ಕಿಲೋಮೀಟರ್‌ಗಳ ಆಸುಪಾಸಿಗೇರಿತು. 2001ರಲ್ಲಿ ಕಾಕಡು ರಾಷ್ಟ್ರೀಯ ಉದ್ಯಾನ, 2009ರ ಹೊತ್ತಿಗೆ ಪಶ್ಚಿಮ ಆಸ್ಟ್ರೇಲಿಯಾದ ಗಡಿ! ಈ ವೇಗವರ್ಧನೆಗೆ ಶೈನ್, ಅವರ ಸಂಗಡಿಗ ವಿಜ್ಞಾನಿಗಳಾದ ಗ್ರೆಗ್ ಬ್ರೌನ್ ಮತ್ತು ಬೆನ್ ಫಿಲಿಪ್ಸ್ 2011ರಲ್ಲಿ ನೀಡಿದ ವಿವರಣೆ ವಿಕಾಸವಾದದ ಚರ್ಚೆಗೇ ಹೊಸ ಅಧ್ಯಾಯವೊಂದನ್ನು ತೆರೆಯಿತು. ಮುಂಚೂಣಿಯನ್ನು ಮುಟ್ಟುವುದು ವೇಗಿಗಳು ಮಾತ್ರ. ಅಲ್ಲಿ ಅವುಗಳಿಗೆ ಜೋಡಿಯಾಗಿ ಸಿಗುವುದೂ ಇನ್ನೊಂದು ವೇಗಿಯೇ. ಹುಟ್ಟಿದ ಮರಿಗಳಲ್ಲಿ ಕೆಲವು ಹೆತ್ತವರನ್ನೂ ಮೀರಿಸುತ್ತವೆ, ಮುಂದಿನ ಮಳೆಗಾಲದಲ್ಲಿ ಅವೇ ಮುಂಚೂಣಿ. ಡಾರ್ವಿನ್ ವಿವರಿಸಿದ ನಿಸರ್ಗದ ಆಯ್ಕೆಯಲ್ಲಿ ಉಳಿಯುವುದು ಹೆಚ್ಚು ಬಾಳುವ, ಹೆಚ್ಚು ಸಂತಾನ ಪಡೆಯುವ ಜೀವಿ. ಇಲ್ಲಿ ಆ ಅನುಕೂಲವೇ ಬೇಕಿಲ್ಲ. ಓಟವೇ ಓಟಗಾರರನ್ನು ಜರಡಿ ಹಿಡಿಯುತ್ತದೆ. ಈ ಗುಣ ವಂಶವಾಹಿಯದ್ದೇ ಎಂಬುದಕ್ಕೂ ಸಾಕ್ಷ್ಯವಿದೆ: ಬೇರೆಬೇರೆ ಪ್ರದೇಶದ ಕಪ್ಪೆಗಳ ಮರಿಗಳನ್ನು ಒಂದೇ ಪರಿಸರದಲ್ಲಿ ಸಾಕಿದಾಗ, ಮುಂಚೂಣಿಯ ಮರಿಗಳೇ ಹೆಚ್ಚು ದೂರ ಸಾಗಿದವು. ಮುಂಚೂಣಿಯ ಕಪ್ಪೆಗಳು ಅತ್ತಿತ್ತ ಸುಳಿಯದೆ ನೇರದಾರಿಯನ್ನೇ ಹಿಡಿಯುತ್ತವೆ.

ಇದಕ್ಕೆ ತೆತ್ತ ಬೆಲೆಯೂ ಅಲ್ಪವಲ್ಲ. ದೊಡ್ಡ ಗಾತ್ರದ ಕಪ್ಪೆಗಳಲ್ಲಿ ಹತ್ತಕ್ಕೊಂದರಂತೆ ಬೆನ್ನುಮೂಳೆಯ ಸಂಧಿವಾತ ಕಂಡುಬಂದಿದೆ. ಮುಂಚೂಣಿಯ ಕಪ್ಪೆಗಳ ಸಂತಾನೋತ್ಪತ್ತಿಯ ವೇಗವೂ ಕುಗ್ಗಿದೆ. ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ವಿಸ್ಮಯಕರ ಭಾಗವೇ ಇದು: ದೇಹಕ್ಕೆ ಹಾನಿ ಮಾಡುತ್ತಲೇ ಒಂದು ಗುಣ ತಲೆಮಾರಿನಿಂದ ತಲೆಮಾರಿಗೆ ಬಲಿಯುತ್ತ ಹೋಗಬಲ್ಲದು.

ಎದುರಾದ ಜೀವಿಗಳ ಪಾಡೇನು? ಆಸ್ಟ್ರೇಲಿಯಾದಲ್ಲಿ ಈ ಬಗೆಯ ವಿಷದ ಕಪ್ಪೆಗಳೇ ಇರಲಿಲ್ಲ. ಏಷ್ಯಾದ ಉಡಗಳಲ್ಲಿ ಕಪ್ಪೆವಿಷವನ್ನು ತಡೆಯುವ ವಂಶವಾಹಿ ರೂಪಾಂತರವಿದೆ. ಆಸ್ಟ್ರೇಲಿಯಾದ ಉಡಗಳಲ್ಲಿ ಅದಿಲ್ಲ. ಹಾಗಾಗಿ ಕಪ್ಪೆ ಕಾಲಿಟ್ಟ ಹಲವೆಡೆ ಅಲ್ಲಿನ ಹಳದಿಚುಕ್ಕೆಯ ಉಡಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಅಳಿದವು. ಕ್ವಾಲ್ ಎಂಬ ಪುಟ್ಟ ಮಾಂಸಾಹಾರಿ ಪ್ರಾಣಿ ಎಷ್ಟೋ ಕಡೆ ಕಣ್ಮರೆಯಾಯಿತು. ಆದರೆ ಹೊಂದಿಕೊಂಡವರೂ ಇದ್ದಾರೆ. ಕಪ್ಪೆಯೊಡನೆ ದಶಕಗಳಿಂದ ಬಾಳಿರುವ ಕೆಂಪುಹೊಟ್ಟೆಯ ಕರಿಹಾವುಗಳು ವಿಷವನ್ನು ಹೆಚ್ಚು ತಾಳಿಕೊಳ್ಳುತ್ತವೆ, ಕಪ್ಪೆಯನ್ನು ಮೂಸಿಯೂ ನೋಡುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರಾಂತದ ರಕಾಲಿ ಎಂಬ ನೀರಿಲಿಗಳಂತೂ ಕಪ್ಪೆಯ ಎದೆಯನ್ನು ಶಸ್ತ್ರವೈದ್ಯರ ನೈಪುಣ್ಯದಿಂದ ಸೀಳಿ, ಮುಖ್ಯವಾಗಿ ಹೃದಯವನ್ನೂ ಯಕೃತ್ತನ್ನೂ ತಿಂದು ಉಳಿದುದನ್ನು ಬಿಡುತ್ತವೆ.

ವಿಕಾಸದ ಮತ್ತೊಂದು ರಂಗಸ್ಥಳ ಕೊಳದ ನೀರು. ಆಸ್ಟ್ರೇಲಿಯಾದಲ್ಲಿ ಕಬ್ಬಿನ ಕಪ್ಪೆಯ ಗೊದಮೊಟ್ಟೆಗಳು ತಮ್ಮದೇ ಜಾತಿಯ ಮೊಟ್ಟೆಗಳನ್ನೂ ಆಗತಾನೆ ಒಡೆದ ಮರಿಗಳನ್ನೂ ಮೂಲನೆಲೆಯ ಬಂಧುಗಳಿಗಿಂತ ಎಷ್ಟೋ ಪಟ್ಟು ಆತುರದಿಂದ ಭಕ್ಷಿಸುತ್ತವೆಂದು 2021ರ ಅಧ್ಯಯನ ತೋರಿಸಿತು. ಶತ್ರುಗಳಿಲ್ಲದ ನೆಲದಲ್ಲಿ ದಾಯಾದಿಯೇ ಶತ್ರು! ಮೊಟ್ಟೆಯ ವಿಷದ ವಾಸನೆಯೇ ಅವುಗಳಿಗೆ ಆಹ್ವಾನ. ಈ ದೌರ್ಬಲ್ಯವನ್ನೇ ಬಳಸಿಕೊಂಡು, ಕಪ್ಪೆವಿಷವನ್ನೇ ಆಮಿಷವಾಗಿಟ್ಟ ಬೋನುಗಳು ಸಿದ್ಧವಾಗಿವೆ. ಸ್ಥಳೀಯ ಕಪ್ಪೆಗಳ ಗೊದಮೊಟ್ಟೆಗಳು ಅವುಗಳತ್ತ ಸುಳಿಯುವುದು ವಿರಳ.

ಇಂದು ವಿಜ್ಞಾನಿಗಳ ದೃಷ್ಟಿ ಕಿಂಬರ್ಲಿಯ ಅಂಚಿನಲ್ಲಿ ನೆಟ್ಟಿದೆ. ದಂಡು ಬರುವ ಮುನ್ನವೇ ಚಿಕ್ಕ ಕಪ್ಪೆಮರಿಗಳನ್ನು ಬಿಟ್ಟು, ಕೊಲ್ಲದ ಪ್ರಮಾಣದ ವಿಷದಿಂದ ಉಡಗಳಿಗೆ ಪಾಠ ಕಲಿಸುವ ಪ್ರಯೋಗ ಫಲ ನೀಡಿದೆ. ಆಚೆ, ಮರುಭೂಮಿ ಸಮುದ್ರವನ್ನು ಸಂಧಿಸುವ ಇಕ್ಕಟ್ಟಾದ ಪಟ್ಟಿಯಲ್ಲಿ ಒಣಕಾಲದಲ್ಲಿ ಕಪ್ಪೆಗೆ ಆಸರೆಯಾಗಬಲ್ಲದ್ದು ದನಗಳಿಗೆಂದು ಕಟ್ಟಿದ ನೀರಿನ ತಾಣಗಳಷ್ಟೇ. ಆ ತೊಟ್ಟಿ, ಗುಂಡಿಗಳನ್ನು ಕಪ್ಪೆ ನುಸುಳದಂತೆ ಮುಚ್ಚಿಬಿಟ್ಟರೆ ಆ ಪಟ್ಟಿಯಾಚೆಗಿನ ಪಿಲ್ಬರಾ ಪ್ರಾಂತ ಉಳಿಯುತ್ತದೆ ಎಂಬುದು ಅವರ ಯೋಜನೆ.