ಹಲ್ಲು ಕೀಳಿಸಿದ ಮೇಲೆ: ಗುಂಡಿಯೊಳಗಿನ ಹೆಪ್ಪು

ಪೀಣ್ಯದಲ್ಲಿ ಪಾಳಿ ಮುಗಿಸಿ ಸಂಜೆ ಹುಳುಕು ಹಲ್ಲು ಕೀಳಿಸಿಕೊಂಡವರೂ, ವೈಟ್‌ಫೀಲ್ಡ್‌ನಲ್ಲಿ ಬುದ್ಧಿಹಲ್ಲು ತೆಗೆಸಿಕೊಂಡ ಸಾಫ್ಟ್‌ವೇರ್‌ನವರೂ ಮಾಡುವ ತಪ್ಪು ಒಂದೇ. ಮನೆ ಸೇರಿದ ಕೂಡಲೇ ಬಾಯಿ ಮುಕ್ಕಳಿಸಿ, ಕ್ಯಾಕರಿಸಿ ಉಗಿಯುತ್ತಾರೆ. ರಕ್ತ ಕಂಡರೆ ತೊಳೆಯಬೇಕು ಅನ್ನಿಸುವುದು ಸಹಜವೇ. ಆದರೆ ಇಲ್ಲಿ ಆ ರಕ್ತ ಇದ್ದಲ್ಲೇ ಇರಬೇಕು.

ಹಲ್ಲು ಕೂತಿದ್ದ ದವಡೆಮೂಳೆಯ ಗುಂಡಿಯೇ ಸಾಕೆಟ್. ಡಾಕ್ಟರು ಕೊಟ್ಟ ಹತ್ತಿಬಟ್ಟೆಯನ್ನು ಅರ್ಧ ಮುಕ್ಕಾಲು ಗಂಟೆ ಬಿಗಿಯಾಗಿ ಕಚ್ಚಿ ಹಿಡಿದರೆ ರಕ್ತ ನಿಲ್ಲುತ್ತದೆ. ಇಂಜೆಕ್ಷನ್ನಿನ ಜೋಮು ಸಾಮಾನ್ಯವಾಗಿ 2ರಿಂದ 4 ಗಂಟೆ ಇರುತ್ತದೆ. ಅದು ಬಿಡುವ ತನಕ ಏನನ್ನೂ ಅಗಿಯಬೇಡಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ಊತ 2-3ನೇ ದಿನ ಹೆಚ್ಚುವುದು ಮಾಮೂಲು. ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬುದು ಸುಳ್ಳು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಗುಂಡಿಯಲ್ಲಿ ತುಂಬಿದ ರಕ್ತ ಹೆಪ್ಪುಗಟ್ಟುವಾಗ ಅದರೊಳಗೆ ಫೈಬ್ರಿನ್ ಎಂಬ ಸಣ್ಣ ಎಳೆಗಳು ಬಲೆಯ ಹಾಗೆ ಹೆಣೆದುಕೊಳ್ಳುತ್ತವೆ. ಬೆತ್ತಲಾದ ಮೂಳೆಗೂ ನರಗಳಿಗೂ ಈ ಹೆಪ್ಪೇ ಹೊದಿಕೆ. ಹೊಸ ರಕ್ತನಾಳ, ಹೊಸ ಅಂಗಾಂಶ ಬೆಳೆಯುವುದೂ ಇದನ್ನೇ ಹಿಡಿದುಕೊಂಡು. ಒಸಡು ಕೆಲವು ವಾರಗಳಲ್ಲಿ ಮುಚ್ಚುತ್ತದೆ, ಒಳಗೆ ಮೂಳೆ ತುಂಬಲು ತಿಂಗಳುಗಳೇ ಬೇಕು. ದೇಹ ಇಷ್ಟೆಲ್ಲವನ್ನೂ ತಾನೇ ಮಾಡಿಕೊಳ್ಳುತ್ತದೆ ಎಂಬುದು ಎಷ್ಟು ಸಲ ವಿವರಿಸಿದರೂ ನನಗೆ ಬೆರಗೇ! ಮೂರನೇ ದಿನ ಕನ್ನಡಿಯಲ್ಲಿ ಕಾಣುವ ಬಿಳಿ-ಹಳದಿ ಪದರ ಹೆಚ್ಚಾಗಿ ಕೀವಲ್ಲ, ಇದೇ ಫೈಬ್ರಿನ್. ಕಡ್ಡಿ ಹಾಕಿ ಕೆರೆಯಬೇಡಿ.

ಹೆಪ್ಪು ಕರಗಿಹೋದರೆ, ಇಲ್ಲವೇ ಕಿತ್ತುಬಂದರೆ, ಮೂಳೆ ಬಯಲಾಗುತ್ತದೆ. ಇದು ಡ್ರೈ ಸಾಕೆಟ್. ಇಳಿಯುತ್ತಿದ್ದ ನೋವು 2-4ನೇ ದಿನ ಏಕಾಏಕಿ ಏರಿ ಕಿವಿಯ ತನಕ ಸಿಡಿಯುತ್ತದೆ, ಬಾಯಿ ನಾರುತ್ತದೆ, ಮಾತ್ರೆಗೆ ಜಗ್ಗುವುದಿಲ್ಲ. ಕೆಳದವಡೆಯ ಬುದ್ಧಿಹಲ್ಲು ತೆಗೆಸಿದವರಿಗೆ ಇದು ಹೆಚ್ಚು. ಬೀಡಿ, ಸಿಗರೇಟು ಸೇದುವವರಿಗೆ ಇನ್ನೂ ಹೆಚ್ಚು. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆಂಟಿಬಯೋಟಿಕ್ ನುಂಗಿ ಕಾಯುವುದರಿಂದ ಇದು ಸಾಮಾನ್ಯವಾಗಿ ವಾಸಿಯಾಗದು. ಡಾಕ್ಟರು ಗುಂಡಿ ತೊಳೆದು ಔಷಧದ ಪಟ್ಟಿ ಇಟ್ಟರೆ ನೋವು ಬೇಗ ತಗ್ಗುತ್ತದೆ.

ಹಾಗಾಗಿ ಮೊದಲ ದಿನ ಮುಕ್ಕಳಿಸುವುದು, ಉಗಿಯುವುದು, ಹೀರುವುದು ಮೂರೂ ಬೇಡ. ಎಲೆಕ್ಟ್ರಾನಿಕ್ ಸಿಟಿಯ ರಸ್ತೆಬದಿಯಲ್ಲಿ ಎಳನೀರು ಕೊಚ್ಚಿಕೊಟ್ಟವರು ಅದರೊಳಗೆ ಸ್ಟ್ರಾ ಸಿಕ್ಕಿಸಿಯೇ ಕೈಗಿಡುತ್ತಾರೆ. ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ. 24 ಗಂಟೆ ಕಳೆದ ಮೇಲೆ ಉಗುರುಬೆಚ್ಚನೆಯ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಿ, ತಾನಾಗಿ ಸುರಿಯಲು ಬಿಡಿ.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. ರಾಗಿಮುದ್ದೆಯನ್ನು ಅಗಿಯುವುದೇ ಇಲ್ಲವಲ್ಲ! ಆರಿದ ಮೇಲೆ ಸಣ್ಣ ತುತ್ತು ಮುರಿದು, ಖಾರವಿಲ್ಲದ ಬೇಳೆಕಟ್ಟಿನಲ್ಲಿ ಅದ್ದಿ ನುಂಗಿ. ಹೊಟ್ಟೆ ತುಂಬುತ್ತದೆ, ಗಾಯಕ್ಕೆ ತೊಂದರೆಯಿಲ್ಲ. ಅಂಬಲಿ, ಗಂಜಿ, ಸಾಂಬಾರಿನಲ್ಲಿ ನೆನೆಸದ ಮೆತ್ತನೆ ಇಡ್ಲಿ ಆಗುತ್ತದೆ. ಮೊಸರನ್ನವೂ ಸರಿ, ಒಗ್ಗರಣೆ ಮಾತ್ರ ಬೇಡ, ಸಾಸಿವೆ ಕಾಳು ಗುಂಡಿಯೊಳಗೆ ಹೋಗಿ ಕೂತರೆ ತೆಗೆಯುವುದು ಕಷ್ಟ. ಕಡಲೆಪುರಿ, ಚಕ್ಕುಲಿ, ಕುದಿಯುವ ಟೀ ಒಂದು ವಾರ ದೂರವಿರಲಿ.

ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ನುಂಗಲು ಕಷ್ಟವಾದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹಲ್ಲು ಕೀಳುವ ಮೊದಲೇ ಹೇಳಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ರಕ್ತ ಹೇಗೆ ಹೆಪ್ಪುಗಟ್ಟುತ್ತದೆ ಎಂಬುದನ್ನು ಇಲ್ಲಿಗೇ ಬಿಡದೆ ಮುಂದಕ್ಕೂ ಓದಿ. ಹೃದಯಾಘಾತ, ಪಾರ್ಶ್ವವಾಯು ಎರಡನ್ನೂ ಅರಿಯಲು ಇದೇ ಪಾಠ ಬೇಕಾಗುತ್ತದೆ.