ಮೆಕ್ಸಿಕೋ ದೇಶದ ಪುಯೆಬ್ಲಾ ನಗರ

ಮೆಕ್ಸಿಕೋ ಎಂಬ ಹೆಸರನ್ನು ಕೇಳಿದೊಡನೆ ನಮ್ಮವರಲ್ಲಿ ಅನೇಕರಿಗೆ ಮರಳುಗಾಡು, ಪಾಪಾಸುಕಳ್ಳಿ, ಕೋವಿ ಹಿಡಿದ ದರೋಡೆಗಾರ, ಈ ಮೂರೇ ಕಣ್ಣಿಗೆ ಕಟ್ಟುವುವು. ನಾವು ಅಲ್ಲಿಗೆ ಹೊರಟ ವರ್ತಮಾನವನ್ನು ತಿಳಿದ ಬಂಧುಗಳೂ ಈ ಮೂರನ್ನೇ ಮುಂದಿಟ್ಟು ನಮ್ಮನ್ನು ಎಚ್ಚರಿಸಿದರು. ನಮ್ಮ ಅಳಿಯಂದಿರು ಪುಯೆಬ್ಲಾ ನಗರದ ಮೋಟಾರು ಕಾರ್ಖಾನೆಯೊಂದರಲ್ಲಿ ಇಂಜಿನಿಯರರು. ಮಗಳ ಸಂಸಾರವನ್ನು ಕಂಡುಬರಲು ಸಹಧರ್ಮಿಣಿಯೊಡನೆ ನಾವು ಕೈಕೊಂಡ ಪ್ರಯಾಣವಿದು. ಅಲ್ಲಿ ಕೋವಿಯನ್ನು ಪೋಲೀಸರ ಕೈಯಲ್ಲಿ ಕಂಡೆವು. ಪಾಪಾಸುಕಳ್ಳಿಯನ್ನು ಪಲ್ಯದ ರೂಪದಲ್ಲಿ ಊಟದ ತಟ್ಟೆಯಲ್ಲಿ ಕಂಡೆವು. ಮರಳುಗಾಡಂತೂ ಕಾಣಲೇ ಇಲ್ಲ. ಆ ದೇಶದ ಉತ್ತರದಲ್ಲಿ ಮರಳುಗಾಡು ಉಂಟು, ಕೆಲವು ಪ್ರಾಂತಗಳಲ್ಲಿ ಕಳ್ಳಸಾಗಣೆಯ ತಂಡಗಳ ಹಾವಳಿಯೂ ಉಂಟು. ಆದರೆ ಒಂದು ದೇಶವೆಂದರೆ ಅಷ್ಟು ಮಾತ್ರವೇ ಅಲ್ಲವಷ್ಟೆ.

ಪುಯೆಬ್ಲಾ ನಗರವು ರಾಜಧಾನಿಯಾದ ಮೆಕ್ಸಿಕೋ ನಗರಕ್ಕೆ ಸುಮಾರು 130 ಕಿಲೋಮೀಟರು ಆಗ್ನೇಯದಲ್ಲಿದೆ. ಸಮುದ್ರಮಟ್ಟದಿಂದ 2,100 ಮೀಟರಿಗೂ ಮಿಗಿಲಾದ ಎತ್ತರ. ನಮ್ಮ ಉದಕಮಂಡಲಕ್ಕಿಂತ ಸ್ವಲ್ಪವೇ ಕಡಮೆ. ಪಡುವಲಿಗೆ ಸುಮಾರು 5,400 ಮೀಟರು ಎತ್ತರದ ಪೊಪೊಕಟೆಪೆಟ್ಲ್ ಎಂಬ ಜ್ವಾಲಾಮುಖಿ ನಿಂತಿದೆ. ನಾಹುಆಟ್ಲ್ ಎಂಬ ಅಲ್ಲಿಯ ಮೂಲನಿವಾಸಿಗಳ ನುಡಿಯಲ್ಲಿ ‘ಪೊಪೊಕ’ ಎಂದರೆ ಹೊಗೆಯಾಡುವುದು, ‘ಟೆಪೆಟ್ಲ್’ ಎಂದರೆ ಬೆಟ್ಟ. ನಮ್ಮ ಸಮಾಸದ ಕ್ರಮದಲ್ಲಿ ‘ಧೂಮಗಿರಿ’ ಎನ್ನಬಹುದು. 1994ರಲ್ಲಿ ಎಚ್ಚರಗೊಂಡ ಈ ಗಿರಿಯು ಈಗಲೂ ಆಗಾಗ ಹೊಗೆಯುಗುಳುತ್ತದೆ. ಮನೆಯ ಮುಂದೆ ಬಿದ್ದ ಬೂದಿಯನ್ನು ಗೃಹಿಣಿಯರು ನಿಶ್ಚಿಂತೆಯಿಂದ ಗುಡಿಸಿ ತಮ್ಮ ಕೆಲಸಕ್ಕೆ ತೊಡಗುವರು.

ಸ್ಪೇನ್ ದೇಶದವರು 1531ರಲ್ಲಿ ಈ ಊರನ್ನು ಕಟ್ಟಿದರು. ದೇವದೂತರೇ ನೂಲು ಹಿಡಿದು ಬೀದಿಗಳನ್ನು ಗುರುತಿಸಿದಂತೆ ಒಬ್ಬ ಬಿಷಪ್ಪನು ಕನಸು ಕಂಡನೆಂದು ಐತಿಹ್ಯ. ಬೀದಿಗಳು ಚದುರಂಗದ ಮಣೆಯಂತೆ ನೇರವಾಗಿವೆ. ಹೆಸರಿಗೆ ಬದಲಾಗಿ ಅನೇಕ ಬೀದಿಗಳಿಗೆ ಅಂಕೆಗಳು. ನಡುವಣ ಚೌಕದ ಒಂದು ಪಾರ್ಶ್ವಕ್ಕೆ ಸರಿಸಂಖ್ಯೆ, ಇನ್ನೊಂದು ಪಾರ್ಶ್ವಕ್ಕೆ ಬೆಸಸಂಖ್ಯೆ. ಆ ಭಾಷೆಯ ಗಂಧವಿಲ್ಲದ ನಾವು ಮೂರನೆಯ ದಿನವೇ ಮಗಳ ನೆರವಿಲ್ಲದೆ ಪೇಟೆಗೆ ಹೋಗಿಬಂದೆವು. ಹಳೆಯ ಮನೆಗಳ ಮುಖಕ್ಕೆ ತಾಲಾವೆರಾ ಎಂಬ ಬಣ್ಣದ ಹೆಂಚುಬಿಲ್ಲೆಗಳನ್ನು ಹೊದಿಸಿರುವರು. ಬಿಸಿಲಿನಲ್ಲಿ ಬೀದಿಗೆ ಬೀದಿಯೇ ಬೊಂಬೆಯ ಅಂಗಡಿಯಂತೆ ತೋರುತ್ತದೆ.

ಜನರ ಸೌಜನ್ಯವು ಇದಕ್ಕಿಂತ ಹೆಚ್ಚಿನ ಬೆರಗನ್ನು ತಂದಿತು. ಅಲ್ಲಿ ಉಪಾಹಾರ ಗೃಹದಿಂದ ಹೊರಡುವವರು ಇನ್ನೂ ಉಣ್ಣುತ್ತಿರುವ ಅಪರಿಚಿತರನ್ನು ದಾಟಿ ಹೋಗುವಾಗ ‘ಪ್ರೊವೇಚೊ’ ಎನ್ನುವರು. ಉಂಡದ್ದು ಮೈಗೂಡಲಿ ಎಂಬ ಹಾರೈಕೆಯದು. ನಮ್ಮ ಪಂಕ್ತಿಗಳಲ್ಲಿ ಯಜಮಾನರು ‘ಸಾವಕಾಶವಾಗಿ ಊಟಮಾಡಿ’ ಎಂದು ಉಪಚರಿಸುವುದನ್ನು ಅದು ನೆನಪಿಗೆ ತಂದಿತು.

ಮೇಷ್ಟರ ಕೆಲಸದಲ್ಲಿ ಬಾಳನ್ನು ಸವೆಸಿದ ನಮಗೆ ಪಾಲಫೋಕ್ಸ್ ಗ್ರಂಥಾಲಯವೇ ತೀರ್ಥಕ್ಷೇತ್ರವಾಯಿತು. 1646ರಲ್ಲಿ ಹ್ವಾನ್ ದೆ ಪಾಲಫೋಕ್ಸ್ ಎಂಬ ಬಿಷಪ್ಪನು ತನ್ನ 5,000 ಪುಸ್ತಕಗಳನ್ನು ದಾನವಿತ್ತು, ಓದಬಲ್ಲವರಿಗೆಲ್ಲ ಬಾಗಿಲು ತೆರೆದಿರತಕ್ಕದ್ದೆಂದು ಕಟ್ಟಳೆಮಾಡಿದನು. ಈಗ ಅಲ್ಲಿ 45,000 ಸಂಪುಟಗಳಿವೆ. ಕೆತ್ತನೆಯ ಮರದ ಕಪಾಟುಗಳು ಮೂರು ಅಂತಸ್ತಾಗಿ ಮೇಲೇರಿವೆ.

ಇನ್ನು ಅಡುಗೆಮನೆಯ ವಿಚಾರ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ರುಬ್ಬಿ, ಆ ಹಿಟ್ಟಿನಿಂದ ತೋರ್ತಿಯಾ ಎಂಬ ರೊಟ್ಟಿಯನ್ನು ಕಾವಲಿಯ ಮೇಲೆ ಸುಡುವರು. ಸುಣ್ಣವು ಸಿಪ್ಪೆಯನ್ನು ಬಿಡಿಸುವುದಲ್ಲದೆ ಕಾಳಿನಲ್ಲಿ ಅಡಗಿರುವ ಪೋಷಕಾಂಶವನ್ನು ದೇಹಕ್ಕೆ ದಕ್ಕುವಂತೆ ಮಾಡುತ್ತದೆ. ಪೇಟೆಯಲ್ಲಿ ಒಬ್ಬ ಮುದುಕಿ ಅಂಗೈಗಳ ನಡುವೆ ಹಿಟ್ಟನ್ನು ತಟ್ಟುತ್ತಿದ್ದ ಸದ್ದನ್ನು ಕೇಳಿ ನಮ್ಮ ಸಹಧರ್ಮಿಣಿಯು, “ಕಣ್ಣು ಮುಚ್ಚಿಕೊಂಡರೆ ಧಾರವಾಡದಲ್ಲಿಯೇ ಇದ್ದಂತಿದೆ” ಎಂದಳು. ಸೀಬೆ, ಸೀತಾಫಲ, ಸಪೋಟ, ಟೊಮ್ಯಾಟೊ, ಎಲ್ಲವೂ ಅಲ್ಲಿ ರಾಶಿ ರಾಶಿಯಾಗಿದ್ದುವು. ಇವೆಲ್ಲ ಅಮೆರಿಕಾ ಖಂಡದಿಂದ ಇತ್ತ ಬಂದವುಗಳೇ.

ಮೆಣಸಿನಕಾಯಿಯೂ ಹಾಗೆಯೇ. ಪುಯೆಬ್ಲಾ ಪ್ರಾಂತದ ತೇಹುಆಕಾನ್ ಕಣಿವೆಯ ಗುಹೆಗಳಲ್ಲಿ ಸಾವಿರಾರು ವರ್ಷಗಳ ಹಿಂದಿನ ಜೋಳ, ಮೆಣಸಿನಕಾಯಿಗಳ ಅವಶೇಷಗಳು ದೊರೆತಿವೆ. ಚರಕ ಸುಶ್ರುತರ ಗ್ರಂಥಗಳಲ್ಲಿ ಬರುವ ‘ಮರೀಚ’ವು ಕರಿಮೆಣಸು, ಕೆಂಪು ಮೆಣಸಿನಕಾಯಿಯನ್ನು ಆ ಆಚಾರ್ಯರು ಕಂಡೇ ಇರಲಿಲ್ಲ. ಪೋರ್ತುಗೀಸರ ಕಾಲದಲ್ಲಿ ಅದು ನಮ್ಮಲ್ಲಿಗೆ ಬಂದಾಗ ಕನ್ನಡಿಗರು ಹಳೆಯ ಮೆಣಸಿನ ಹೆಸರನ್ನೇ ಅದಕ್ಕೂ ಇಟ್ಟರು. ಪುಯೆಬ್ಲಾದ ಪ್ರಸಿದ್ಧ ಭಕ್ಷ್ಯವಾದ ‘ಮೋಲೆ’ಗೆ ನಾನಾ ಬಗೆಯ ಒಣಮೆಣಸಿನಕಾಯಿ, ಎಳ್ಳು, ಬಾದಾಮಿ, ಚಾಕೊಲೇಟುಗಳೊಡನೆ ದಾಲ್ಚಿನ್ನಿ ಲವಂಗಗಳನ್ನೂ ಹುರಿದು ಅರೆಯುವರು. ಅದನ್ನು ಮಾಂಸದೊಡನೆ ಬಡಿಸುವುದರಿಂದ ನಾವು ಉಣ್ಣಲಿಲ್ಲ. ಪರಿಮಳವನ್ನು ಮಾತ್ರ ಸವಿದೆವು.

ಈ ದಾಲ್ಚಿನ್ನಿ ಲವಂಗಗಳು ಪೂರ್ವದೇಶಗಳವು. 1565ರಿಂದ 1815ರವರೆಗೆ ಫಿಲಿಪ್ಪೀನ್ಸಿನ ಮನಿಲಾದಿಂದ ಮೆಕ್ಸಿಕೋದ ಅಕಪುಲ್ಕೋ ರೇವಿಗೆ ಸ್ಪೇನಿನ ಹಡಗುಗಳು ಶಾಂತಸಾಗರವನ್ನು ದಾಟಿ ಬರುತ್ತಿದ್ದುವು. ರೇಷ್ಮೆ, ಪಿಂಗಾಣಿ, ಸಂಬಾರ ಪದಾರ್ಥಗಳು ಅವುಗಳಲ್ಲಿ ಬಂದುವು. ಮಾರಾಟದ ಸರಕಾಗಿ ಮನುಷ್ಯರೂ ಬಂದರು.

ಅಂತಹವರಲ್ಲೊಬ್ಬಳ ವೃತ್ತಾಂತವನ್ನು ವಾಚಕರಿಗೆ ಹೇಳದಿದ್ದರೆ ಈ ಲೇಖನವು ಅಪೂರ್ಣವಾದೀತು. ಮೊಗಲರ ರಾಜ್ಯದಲ್ಲಿ ಹುಟ್ಟಿದ, ಮಿರ್ರಾ ಎಂಬ ಹೆಸರಿನ ಬಾಲಿಕೆಯೊಬ್ಬಳನ್ನು ಪೋರ್ತುಗೀಸ್ ಕಡಲುಗಳ್ಳರು ಅಪಹರಿಸಿದರೆಂದು ಆಕೆಯ ಚರಿತ್ರಕಾರರು ಬರೆದಿರುವರು. ಕೊಚ್ಚಿಯಲ್ಲಿ ಅವಳಿಗೆ ಕತಾರಿನಾ ದೆ ಸಾನ್ ಹ್ವಾನ್ ಎಂಬ ಕ್ರೈಸ್ತನಾಮವನ್ನಿಟ್ಟು ಮನಿಲಾಕ್ಕೆ ಒಯ್ದರು. ಅಲ್ಲಿಂದ ಸುಮಾರು 1620ರಲ್ಲಿ ಪುಯೆಬ್ಲಾದ ಗೃಹಸ್ಥನೊಬ್ಬನ ಮನೆಗೆ ದಾಸಿಯಾಗಿ ಬಂದಳು. ಯಜಮಾನನು ತೀರಿದ ಮೇಲೆ ಬಿಡುಗಡೆ ಹೊಂದಿ, ಆಸ್ತಿಪಾಸ್ತಿಯಿಲ್ಲದೆ ತಪಸ್ವಿನಿಯಂತೆ ಬಾಳಿದಳು. ಸ್ಪೇನಿನ ನುಡಿಯು ಆಕೆಯ ನಾಲಗೆಗೆ ಕೊನೆಯವರೆಗೂ ನೆಟ್ಟಗೆ ಹೊರಳಲಿಲ್ಲವಂತೆ. 1688ನೆಯ ಜನವರಿ 5ರಂದು ಆಕೆ ಕಾಲವಾದಾಗ ಪುಯೆಬ್ಲಾದ ಜನರು ಸಾಧ್ವಿಯೆಂದು ಭಾವಿಸಿ ಮುಗಿಬಿದ್ದರು. 1689ರಲ್ಲಿ ಅಚ್ಚಾಗತೊಡಗಿದ ಆಕೆಯ ಚರಿತ್ರೆಯನ್ನು ಧರ್ಮವಿಚಾರಣೆಯ ಅಧಿಕಾರಿಗಳು ನಿಷೇಧಿಸಿದರು. ಆ ಕಾಲದಲ್ಲಿ ಏಷ್ಯದಿಂದ ಬಂದವರನ್ನೆಲ್ಲ ‘ಚೀನೋ’ ಎನ್ನುತ್ತಿದ್ದುದರಿಂದ ಈಕೆಯನ್ನು ‘ಚೀನಾ ಪೊಬ್ಲಾನಾ’, ಎಂದರೆ ಪುಯೆಬ್ಲಾದ ಚೀನಾದವಳು, ಎಂದು ಇಂದಿಗೂ ಕರೆಯುವರು. ಅದೇ ಹೆಸರಿನ ಕಸೂತಿಯ ಲಂಗ, ಕುಪ್ಪಸಗಳ ಉಡುಗೆಯು ಮೆಕ್ಸಿಕೋ ದೇಶದ ಸ್ತ್ರೀಯರ ಜಾತೀಯ ವೇಷವಾಗಿದೆ. ಅದು ಈಕೆಯಿಂದಲೇ ಬಂದುದೆಂದು ಜನರು ನಂಬುವರು. 19ನೆಯ ಶತಮಾನದ್ದೆಂಬುದು ವಿದ್ವಾಂಸರ ಮತ.

ಚೌಕಕ್ಕೆ ಸಮೀಪದಲ್ಲಿರುವ ಏಸುಸಂಘದವರ ಚರ್ಚಿನಲ್ಲಿ ಆಕೆಯನ್ನು ಸಮಾಧಿಮಾಡಿದರು. ನಾವು ಅಲ್ಲಿಗೆ ಹೋದಾಗ ಸಹಧರ್ಮಿಣಿಯು ಬಾಗಿಲ ಬಳಿ ಬಿಳಿಯ ಹೂವುಗಳನ್ನು ಕೊಂಡು ತಂದಿದ್ದಳು. “ತೌರಿನವರು ಒಬ್ಬರಾದರೂ ಬಂದರೆಂದು ಅವಳಿಗೆ ತಿಳಿಯಲಿ” ಎಂದು ಹೇಳಿ ಹೂವನ್ನಿಟ್ಟು ಕೈಮುಗಿದಳು. ನಮಗೆ ಮಾತು ಹೊರಡಲಿಲ್ಲ.

ವಾಚಕ ಮಹಾಶಯರೇ, ಪುಯೆಬ್ಲಾ ಅಂದವಾದ ಊರು, ಅಲ್ಲಿಯ ಜನರು ಒಳ್ಳೆಯವರು. ಹೋಗಬಲ್ಲವರು ಅವಶ್ಯವಾಗಿ ಹೋಗಿಬರಬೇಕು. ಹೋಗಲಾರದವರು ನಾಳೆ ಒಗ್ಗರಣೆಗೆ ಮೆಣಸಿನಕಾಯಿಯನ್ನು ಮುರಿಯುವಾಗ ಅದರ ತೌರುಮನೆಯನ್ನೂ, ಆ ತೌರಿಗೆ ಬಲಾತ್ಕಾರದಿಂದ ಒಯ್ಯಲ್ಪಟ್ಟು ಹಿಂದಿರುಗದೆ ಉಳಿದ ನಮ್ಮ ನಾಡಿನ ಆ ಮಗಳನ್ನೂ ಒಂದು ಸಲ ನೆನೆದರೆ ಸಾಕು.